ದಭೋಯಿ ರೈಲು: ಪುಟ್ಟ ವ್ಯಾಗನ್, ಪುಟ್ಟ ಹೊರೆ

ವಡೋದರಾದ ಮಹಾರಾಜ ಖಂಡೇರಾವ್ ಗಾಯಕವಾಡರ ಕಾಲದಲ್ಲಿ, 1862ರಲ್ಲಿ, ದಭೋಯಿ–ಮಿಯಾಗಾಂ ನಡುವೆ ನ್ಯಾರೋಗೇಜ್ ಹಳಿ ಹಾಕಲಾಯಿತು. ಮೊದಮೊದಲು ಗಾಡಿ ಎಳೆದದ್ದು ಎತ್ತುಗಳು.

ಇದು ಆ ರೈಲಿನ ಮಾದರಿ, ಅಳತೆ 1:87. ಹಳಿಗಳ ನಡುವಿನ 762 ಮಿ.ಮೀ. ಅಂತರ ಈ ಅಳತೆಯಲ್ಲಿ ಸುಮಾರು 9 ಮಿ.ಮೀ.

ವ್ಯಾಗನ್‌ಗಳ ಹೊರೆಯೂ ಇದೇ ಅಳತೆಗೆ ಹೊಂದಬೇಕು.

ಜಲ್ಲಿ: 50 ಮಿ.ಮೀ. ಕಲ್ಲು 0.6 ಮಿ.ಮೀ.ಗೆ ಇಳಿಯುತ್ತದೆ. ಜರಡಿ ಹಿಡಿದ ಸಣ್ಣ ಮರಳು ಇದಕ್ಕೆ ಸರಿಹೊಂದುತ್ತದೆ.

ಎರೆಮಣ್ಣು: ಕುದಿಸಿ, ಒಣಗಿಸಿದ ಚಹಾಪುಡಿ.

ಕಲ್ಲಿದ್ದಲು: ಅಸಲಿ ಕಲ್ಲಿದ್ದಲನ್ನೇ ಕುಟ್ಟಿ, ಸೋಸಿ ಬಳಸಬಹುದು.

ಹತ್ತಿ ಬೇಲ್: ಗೋಣಿಬಟ್ಟೆ ಹೊದಿಸಿದರೆ ನೇಯ್ಗೆ ಮೀನಿನ ಬಲೆಯಂತೆ ಕಾಣುತ್ತದೆ. ಆದ್ದರಿಂದ ಮರದ ತುಂಡಿಗೆ ತೆಳ್ಳನೆಯ ಮಲ್‌ಬಟ್ಟೆ ಸುತ್ತಿ, ಕಬ್ಬಿಣದ ಪಟ್ಟಿಯ ಬದಲು ಕಪ್ಪು ದಾರ ಬಿಗಿಯಬೇಕು.

ಮಾದರಿಯನ್ನು ದಯವಿಟ್ಟು ಮುಟ್ಟಬೇಡಿ.