ಅರಗಿನ ತಟ್ಟೆಯಲ್ಲಿ ಬೀಳಗಿಯ ದನಿ

ಹುನಗುಂದ ಸೀಮೆಯ ಐಹೊಳೆಯಲ್ಲಿ, ಮೇಗುಟಿ ಜಿನಾಲಯದ ಗೋಡೆಯ ಮೇಲೆ ಕ್ರಿ.ಶ. 634ರ ಶಾಸನವಿದೆ. ಇಮ್ಮಡಿ ಪುಲಕೇಶಿಯ ದಿಗ್ವಿಜಯವನ್ನು ವರ್ಣಿಸಿದ ಕವಿ ರವಿಕೀರ್ತಿಯು ಅದರ ಕೊನೆಯಲ್ಲಿ ತನ್ನ ಹೆಸರನ್ನು ತಾನೇ ಹೇಳಿಕೊಂಡು, ಕಾಳಿದಾಸ ಭಾರವಿಯರ ಕೀರ್ತಿಗೆ ತಾನೂ ಪಾತ್ರನೆಂದು ಸಾರಿದ್ದಾನೆ. 1902ರ ನವೆಂಬರಿನಲ್ಲಿ ಕಲ್ಕತ್ತೆಯ ಹೋಟೆಲೊಂದರ ಕೋಣೆಯಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬ ಧ್ವನಿಮುದ್ರಕನ ಎದುರು ಹಾಡಿದ ಗೌಹರ್ ಜಾನ್ ಕೂಡ ಹಾಡಿನ ಕೊನೆಯಲ್ಲಿ ತಮ್ಮ ಹೆಸರನ್ನು ಗಟ್ಟಿಯಾಗಿ ಹೇಳಿದರು. ಆಗ ತಟ್ಟೆಗಳು ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೊವರ್‌ನಲ್ಲಿ. ಭಾಷೆ ತಿಳಿಯದ ಅಲ್ಲಿನ ಕೆಲಸಗಾರರಿಗೆ ಯಾವ ಹಾಡು ಯಾರದೆಂದು ಗೊತ್ತಾಗಲು ಈ ಉಪಾಯ. ಕವಿಯ ಸ್ವನಾಮಕಥನವಾಗಲಿ ವಚನಕಾರರ ಅಂಕಿತವಾಗಲಿ ಮಾಡುವ ಕೆಲಸವನ್ನೇ ಇದೂ ಮಾಡಿತು. ಈ ಗೌಹರ್ ಜಾನ್ ಕೊನೆಗಾಲದಲ್ಲಿ ಮೈಸೂರಿನ ಅರಮನೆಯ ಆಶ್ರಯ ಪಡೆದು, 1930ರ ಜನವರಿಯಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡರು.

ಬಾಗಲಕೋಟೆ ಜಿಲ್ಲೆಯ ಬೀಳಗಿಯಲ್ಲಿ ಇನ್ನೊಬ್ಬ ಗೋಹರಬಾಯಿ ಹುಟ್ಟಿದರು. ಅವರ ಸೋದರಿ ಅಮೀರಬಾಯಿ. ಬೀಳಗಿ ಆಗ ಮುಂಬಯಿ ಪ್ರಾಂತದ ವಿಜಾಪುರ ಜಿಲ್ಲೆಗೆ ಸೇರಿತ್ತು. ರಂಗಭೂಮಿಯ ಹಿನ್ನೆಲೆಯಿಂದ ಬಂದ ಈ ಸೋದರಿಯರು ಮುಂಬಯಿಗೆ ಹೋಗಿ ಗಾಯನದಿಂದ ಹೆಸರಾದರು. ಗೋಹರಬಾಯಿ ಬಾಲಗಂಧರ್ವರ ನಾಟಕ ಮಂಡಳಿಯನ್ನು ಸೇರಿದರು. ಅಮೀರಬಾಯಿ ಹಿಂದಿ ಚಲನಚಿತ್ರದ ಹಿನ್ನೆಲೆ ಗಾಯನದಲ್ಲಿ ಅಗ್ರಪಂಕ್ತಿಗೆ ಏರಿದರು. 1943ರ ‘ಕಿಸ್ಮತ್’ ಅವರ ದನಿಯನ್ನು ದೇಶದ ಮನೆಮನೆಗೂ ಮುಟ್ಟಿಸಿತು. ಇಬ್ಬರ ಹೆಸರಿನ ಮುಂದೆಯೂ ‘ಕರ್ನಾಟಕಿ’ ಎಂಬ ಪದವಿದೆ. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಅಧಿಕೃತವಾಗಿ ದೊರೆತದ್ದು 1973ರಲ್ಲಿ. ಅದಕ್ಕಿಂತ ಹಲವು ದಶಕ ಮೊದಲೇ ಆ ಹೆಸರು ಗ್ರಾಮೊಫೋನ್ ತಟ್ಟೆಗಳ ನಡುವಿನ ದುಂಡು ಕಾಗದದ ಮೇಲೆ ಅಚ್ಚಾಗಿ ನಾಡನ್ನು ಸುತ್ತುತ್ತಿತ್ತೆಂಬುದು ನಾಡುನುಡಿಯ ಚರಿತ್ರಕಾರರು ಗಮನಿಸಬೇಕಾದ ಸಂಗತಿ. ರಹಮತ್ ತರೀಕೆರೆಯವರು ಅಮೀರಬಾಯಿಯವರ ಜೀವನಚರಿತ್ರೆಯನ್ನು ಬರೆಯದೆ ಇದ್ದಿದ್ದರೆ ಕನ್ನಡದ ಓದುಗರಿಗೆ ಈ ಹೆಸರು ಬರಿಯ ಚಿತ್ರಗೀತೆಯ ನೆನಪಾಗಿಯೇ ಉಳಿಯುತ್ತಿತ್ತು.

ತಟ್ಟೆಯ ವಸ್ತುವನ್ನು ಕುರಿತು ಒಂದು ಮಾತು ಇಲ್ಲಿ ಸಲ್ಲುತ್ತದೆ. ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ತಟ್ಟೆಗಳು ಇಂದಿನ ವಿನೈಲಿನವಲ್ಲ. ಅರಗಿಗೆ ಕಲ್ಲಿನ ಪುಡಿಯನ್ನೂ ಮಸಿಯನ್ನೂ ಬೆರೆಸಿ ಒತ್ತಿದವು. ಆ ಅರಗು ಬಹುಪಾಲು ಹೋಗುತ್ತಿದ್ದುದು ಭಾರತದ ಕಾಡುಗಳಿಂದಲೇ. ಶ್ರಾವಕನು ವರ್ಜಿಸಬೇಕಾದ ಹದಿನೈದು ಕರ್ಮಾದಾನಗಳಲ್ಲಿ ಲಾಕ್ಷಾವಾಣಿಜ್ಯವೂ ಒಂದು. ಅಸಂಖ್ಯ ಕೀಟಗಳ ಹಿಂಸೆಯಿಂದ ಬರುವ ಪದಾರ್ಥವದು. ನಾಟಕದ ಹಾಡೂ ದೇವರನಾಮವೂ ಅಂತಹ ಅರಗಿನಲ್ಲಿಯೇ ಉಳಿದುಬಂದಿವೆ. ತಟ್ಟೆ ಭಾರವಾದದ್ದು, ಕೈಜಾರಿದರೆ ಒಡೆಯುವಂಥದ್ದು. ಉಕ್ಕಿನ ಮುಳ್ಳು ಪ್ರತಿ ಸಲವೂ ಅದರ ಗೀರನ್ನು ಸವೆಸುತ್ತದೆ. ಎಷ್ಟು ಪ್ರಿಯವಾದ ಹಾಡೋ ಅಷ್ಟು ಬೇಗ ಕ್ಷಯ. ಎರಡನೆಯ ಮಹಾಯುದ್ಧದಲ್ಲಿ ಅರಗಿಗೆ ಅಭಾವ ಬಂದಾಗ ಹಲವು ದೇಶಗಳಲ್ಲಿ ಹಳೆಯ ತಟ್ಟೆಗಳನ್ನು ಮರಳಿ ಪಡೆದು, ಕರಗಿಸಿ, ಹೊಸತನ್ನು ಒತ್ತಿದರು. ಹಳೆಯ ಹಸ್ತಪ್ರತಿಯ ಅಕ್ಷರವನ್ನು ಕೆರೆದು ಅದೇ ಹಾಳೆಯ ಮೇಲೆ ಬೇರೆ ಗ್ರಂಥ ಬರೆದಂತೆ.

ಹೀಗೆ ಉಳಿದವನ್ನು ಅರಸುವ ಸಂಗ್ರಾಹಕರ ಪರಂಪರೆಯೊಂದು ನಮ್ಮಲ್ಲಿದೆ. ಚೆನ್ನೈಯಲ್ಲಿ ವಿ.ಎ.ಕೆ. ರಂಗರಾವ್ ಸಹಸ್ರಾರು ತಟ್ಟೆಗಳನ್ನು ಕೂಡಿಹಾಕಿದರು. ಮುಂಬಯಿಯಲ್ಲಿ ಸುರೇಶ್ ಚಾಂದವಣಕರ್ ಮೊದಲಾದವರ ಶ್ರಮದಿಂದ 1990ರಲ್ಲಿ ಧ್ವನಿಮುದ್ರಿಕೆ ಸಂಗ್ರಾಹಕರ ಸಂಘ ಹುಟ್ಟಿತು. ಇವರಿಗೆ ಸರಕು ಒದಗಿಸಿದವರು ಮುಂಬಯಿಯ ಚೋರ್ ಬಜಾರಿನಂತಹ ಹಳೆಯ ಸಾಮಾನಿನ ಪೇಟೆಗಳ ವ್ಯಾಪಾರಿಗಳು. ವ್ಯಾಪಾರಿಯನ್ನು ಹಗುರವಾಗಿ ಕಾಣುವುದು ವಿದ್ವಾಂಸರ ಚಾಳಿ. ಗುಜರಿಗೆ ಹೋಗಬೇಕಾದುದನ್ನು ತಡೆದು ನಿಲ್ಲಿಸಿದವನು ಅನೇಕ ಸಲ ಅವನೇ. ಇಳಕಲ್ಲಿನ ಅಂಗಡಿಕಾರ ಸೆರಗನ್ನು ಕಂಡೇ ಸೀರೆಯ ಜಾತಕ ಹೇಳುವಂತೆ, ಅವನು ಹೆಸರಚೀಟಿಯ ಬಣ್ಣದಿಂದಲೂ ಚೀಟಿಗೂ ಗೀರಿಗೂ ನಡುವಣ ಬರಿಯ ಜಾಗದಲ್ಲಿ ಕೊರೆದ ಅಂಕಿಯಿಂದಲೂ ಮೊದಲ ಅಚ್ಚು ಯಾವುದು, ಮರುಮುದ್ರಣ ಯಾವುದು ಎಂದು ಗುರುತಿಸುತ್ತಾನೆ. ಪಾಠಸಂಪಾದಕನ ವಿದ್ಯೆಗೂ ಇದಕ್ಕೂ ಹೆಚ್ಚಿನ ಅಂತರವಿಲ್ಲ.

ಆದರೆ ವ್ಯಾಪಾರಕ್ಕೆ ಅದರದೇ ದೋಷವಿದೆ. ಇಂಗ್ಲೆಂಡಿನ ಉತ್ತರ ಭಾಗದಲ್ಲಿ 1970ರ ದಶಕದ ನೃತ್ಯಸಭೆಗಳಲ್ಲಿ ಅಮೆರಿಕದ ಕಪ್ಪು ಗಾಯಕರ ಅಪರೂಪದ ಸೋಲ್ ತಟ್ಟೆಗಳಿಗೆ ಹುಚ್ಚು ಬೇಡಿಕೆಯಿತ್ತು. ಅವನ್ನು ನುಡಿಸುವವರು ಪ್ರತಿಸ್ಪರ್ಧಿಗಳಿಗೆ ತಿಳಿಯದಿರಲೆಂದು ಹೆಸರಚೀಟಿಯ ಮೇಲೆ ಬಿಳಿಯ ಕಾಗದ ಅಂಟಿಸಿ ಗಾಯಕನಿಗೆ ಸುಳ್ಳು ಹೆಸರಿಡುತ್ತಿದ್ದರು. ಫ್ರಾಂಕ್ ವಿಲ್ಸನ್ ಹಾಡಿದ 1965ರ ತಟ್ಟೆಯೊಂದು 2009ರಲ್ಲಿ 25 ಸಾವಿರ ಪೌಂಡಿಗೂ ಮಿಕ್ಕಿ ಮಾರಾಟವಾಯಿತು. ದುರ್ಲಭತೆಯೇ ಬೆಲೆಯಾದಾಗ ಮರೆಮಾಚುವುದು ಲಾಭವಾಗುತ್ತದೆ.

ಇದು ಜೈನ ಗ್ರಂಥಭಂಡಾರಗಳ ಚರಿತ್ರೆಗೂ ಅಪರಿಚಿತವಲ್ಲ. ಮೂಡಬಿದಿರೆಯ ಧವಳಾ ಪ್ರತಿಗಳು ಶತಮಾನಗಳ ಕಾಲ ದರ್ಶನಕ್ಕೆ ಸಿಕ್ಕವೇ ಹೊರತು ಅಧ್ಯಯನಕ್ಕೆ ಸಿಗಲಿಲ್ಲ. ಗುಟ್ಟಾಗಿ ತೆಗೆದ ನಕಲೊಂದು ಹೊರಗೆ ಬಂದು, ಹೀರಾಲಾಲ್ ಜೈನರ ಸಂಪಾದನೆಯಲ್ಲಿ 1939ರಲ್ಲಿ ಮೊದಲ ಸಂಪುಟ ಅಚ್ಚಾದ ಮೇಲೆಯೇ ವಿದ್ವತ್ಪ್ರಪಂಚ ಅದನ್ನು ಓದಿದ್ದು. ಇದಕ್ಕೆ ಎದುರಾದ ಆದರ್ಶವೂ ಅದೇ ಪರಂಪರೆಯಲ್ಲಿದೆ: ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿ ಬರೆಯಿಸಿ ಹಂಚಿದ ಅತ್ತಿಮಬ್ಬೆ. ಇಂದಿನ ಕಾನೂನೂ ಅತ್ತಿಮಬ್ಬೆಯ ಪಕ್ಷದಲ್ಲಿದೆ. ಭಾರತದಲ್ಲಿ ಧ್ವನಿಮುದ್ರಿಕೆಯ ಹಕ್ಕು ಪ್ರಕಟಣೆಯಿಂದ 60 ವರ್ಷ ಮಾತ್ರ. ಬೀಳಗಿ ಸೋದರಿಯರ ಕಾಲದ ತಟ್ಟೆಗಳ ಮೇಲಿನ ಆ ಹಕ್ಕು ಮುಗಿದಿದೆ; ಹಾಡಿನ ಸಾಹಿತ್ಯ, ಸಂಗೀತಗಳ ಹಕ್ಕನ್ನು ಮಾತ್ರ ಬೇರೆಯಾಗಿ ನೋಡಬೇಕು. ದೊಡ್ಡ ಅಡ್ಡಿಯಿರುವುದು ಕಪಾಟಿನ ಬೀಗದಲ್ಲಿ.

ಹಿಂದಿ ಚಿತ್ರಗೀತೆಯ ತಟ್ಟೆ ದೇಶದಾದ್ಯಂತ ಮಾರಾಟವಾದದ್ದು. ಒಂದು ಒಡೆದರೆ ಇನ್ನೊಂದು ಊರಿನಲ್ಲಿ ಸಿಕ್ಕೀತು. ಕನ್ನಡದ ನಾಟಕದ ಪದಗಳ ಮಾತು ಬೇರೆ. ಅವುಗಳ ಮಾರುಕಟ್ಟೆ ಈ ಸೀಮೆಯಷ್ಟೇ. ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ತಿಂಗಳೊಪ್ಪತ್ತು ಬೀಡುಬಿಡುವ ನಾಟಕ ಕಂಪನಿಗಳನ್ನು ಕಂಡವರಿಗೆ ಆ ಮಾರುಕಟ್ಟೆಯ ಉತ್ಸಾಹವೂ ಗೊತ್ತು, ಮಿತಿಯೂ ಗೊತ್ತು. ಇಂಥ ತಟ್ಟೆಗೆ ಹೊರಗಿನ ಪೇಟೆಯಲ್ಲಿ ಗಿರಾಕಿಯಿಲ್ಲ; ಆದ್ದರಿಂದ ಮೊದಲು ಕಳೆದುಹೋಗುವುದು ಅದೇ. ಹೆಸರಿನ ಗೊಂದಲವೂ ಸೇರುತ್ತದೆ: ಚೀಟಿ ಹರಿದ ತಟ್ಟೆಯ ಗೋಹರ ಕಲ್ಕತ್ತೆಯವರೋ ಬೀಳಗಿಯವರೋ ಎಂಬುದನ್ನು ಬಲ್ಲವರು ದನಿಯಿಂದಲೇ ನಿರ್ಣಯಿಸಬೇಕು.

ಯಾವ ಊರಿನ, ಯಾರ ಮನೆಯ ತಟ್ಟೆ ಎಂಬ ಮಾಹಿತಿ ಚೀಲದಲ್ಲಿ ತುಂಬಿ ಮಾರಿದ ಕ್ಷಣವೇ ಅಳಿಯುತ್ತದೆ. ಬಾಗಲಕೋಟೆಯ ಮಟ್ಟಿಗೆ ಇದು ದೊಡ್ಡ ನಷ್ಟ. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಬಹುಭಾಗವೂ ಬೀಳಗಿ ಸೀಮೆಯ ಹಲವು ಹಳ್ಳಿಗಳೂ ಮುಳುಗಿ, ಜನ ನವನಗರಕ್ಕೂ ಪುನರ್ವಸತಿ ಕೇಂದ್ರಗಳಿಗೂ ಹೋದರು. ಅಟ್ಟದ ಮೇಲಿನ ಭಾರವಾದ, ಒಡೆಯುವ, ನುಡಿಸಲು ಯಂತ್ರವೂ ಉಳಿದಿರದ ತಟ್ಟೆಗಳನ್ನು ಮನೆ ಬಿಡುವಾಗ ಯಾರು ತಾನೆ ಹೊತ್ತೊಯ್ದಾರು? ಜಲಾಶಯದ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸುವ ಯೋಜನೆಯಲ್ಲಿ ಇನ್ನಷ್ಟು ಮನೆಗಳು ಖಾಲಿಯಾಗಬೇಕಿವೆ. ಮುಳುಗಡೆಯ ಸಮೀಕ್ಷೆಯಲ್ಲಿ ಗೋಡೆ, ತೊಲೆ, ಮರಗಿಡಗಳಿಗೆ ಲೆಕ್ಕವಿದೆ. ಅಟ್ಟದ ಮೇಲಿನ ಪೆಟ್ಟಿಗೆಗೆ ಆ ಲೆಕ್ಕದಲ್ಲಿ ಅಂಕಣವಿಲ್ಲ.