ಯಂತ್ರ ಹೊಸದು, ಭಾಷೆ ಹಳೆಯದು

ಪ್ರೊಸೆಸರ್ ಬೇರೆ ಜಾತಿಯದಾದರೆ ಕಂಪ್ಯೂಟರಿನ ಯಂತ್ರಭಾಷೆಯೇ ಬದಲಾಗುತ್ತದೆ. ಹಳೆಯ ಕಾರ್ಯಾಚರಣಾ ವ್ಯವಸ್ಥೆ ಅದಕ್ಕೆ ಅರ್ಥವಾಗದು. ಬಳಕೆದಾರ ಹಣ ಕೊಟ್ಟು ಕೊಂಡ ತಂತ್ರಾಂಶಗಳೂ ನಿರುಪಯೋಗಿ. ಮೊಟೊರೊಲಾ 68000 ಸರಣಿಯ ಪ್ರೊಸೆಸರ್ ಬಿಟ್ಟು 1994ರಲ್ಲಿ ಪವರ್‌ಪಿಸಿಗೆ ಹೊರಳಿದ ಆ್ಯಪಲ್ ಕಂಪನಿಗೆ ಎದುರಾದದ್ದು ಇದೇ ಇಕ್ಕಟ್ಟು.

ಕಂಪನಿ ಹೊಸ ಮ್ಯಾಕಿಂಟಾಷ್‌ನೊಳಗೆ ಒಬ್ಬ ದುಭಾಷಿಯನ್ನು ಕೂರಿಸಿತು. ಹಳೆಯ ಆದೇಶಗಳನ್ನು ಹೊಸ ಪ್ರೊಸೆಸರಿಗೆ ತಿಳಿಯುವಂತೆ ಹೇಳುವ ಈ ತಂತ್ರಾಂಶವೇ ಎಮ್ಯುಲೇಟರ್. ಕಾರ್ಯಾಚರಣಾ ವ್ಯವಸ್ಥೆಯ ಬಹುಭಾಗವೂ ಮೊದಮೊದಲು ಅದರ ಮೂಲಕವೇ ನಡೆಯಿತು. ವೇಗ ಕುಂದಿದರೂ ಹಳೆಯ ತಂತ್ರಾಂಶಗಳು ಉಳಿದವು.

2006ರಲ್ಲಿ ಇಂಟೆಲ್‌ಗೆ, 2020ರಲ್ಲಿ ಸ್ವಂತ ಚಿಪ್‌ಗೆ ಬದಲಾದಾಗಲೂ 'ರೊಸೆಟಾ' ಹೆಸರಿನ ದುಭಾಷಿ ನೆರವಿಗೆ ಬಂದ. ಆದರೆ ದುಭಾಷಿಯ ನೌಕರಿ ಕಾಯಂ ಅಲ್ಲ. 2011ರ 'ಲಯನ್' ಆವೃತ್ತಿ ಮೊದಲ ರೊಸೆಟಾವನ್ನು ಕೈಬಿಟ್ಟಿತು. ಅಷ್ಟರಲ್ಲಿ ಹೊಸ ಭಾಷೆ ಕಲಿಯದ ತಂತ್ರಾಂಶಗಳಿಗೆ ಆ ಆವೃತ್ತಿಯಲ್ಲಿ ಜಾಗವಿರಲಿಲ್ಲ.