ಪಾತ್ರಾಭಿನಯ ಕ್ರೀಡೆಯಲ್ಲಿ ಅನುಮತಿಯೂ ಅನುಸರಣೆಯೂ

ಪ್ರಕಾಶಕರು ವಿಧಿಸುವ ನಿಯಮಗಳು ಅಭಿಮಾನಿಗಳ ರಚನೆಯ ರೂಪವನ್ನೇ ನಿರ್ಧರಿಸುತ್ತವೆ. ಅಮೆರಿಕದಲ್ಲಿ 1974ರಲ್ಲಿ ಪ್ರಕಟವಾದ 'ಡಂಜನ್ಸ್ ಅಂಡ್ ಡ್ರಾಗನ್ಸ್' ಎಂಬ ಪಾತ್ರಾಭಿನಯ ಕ್ರೀಡೆಯ ಚರಿತ್ರೆ ಇದಕ್ಕೆ ನಿದರ್ಶನ. ಅದರ ಒಡೆತನ 1997ರಲ್ಲಿ ವಿಜರ್ಡ್ಸ್ ಆಫ್ ದಿ ಕೋಸ್ಟ್ ಸಂಸ್ಥೆಗೆ ಸಂದಿತು. 2000ರಲ್ಲಿ ಆ ಸಂಸ್ಥೆಯು 'ಓಪನ್ ಗೇಮ್ ಲೈಸೆನ್ಸ್' ಎಂಬ ಪರವಾನಗಿಯನ್ನು ಹೊರಡಿಸಿ, ಆಟದ ಮೂಲನಿಯಮಗಳನ್ನು ಪರರ ಬಳಕೆಗೆ ಬಿಟ್ಟು, ವಿಶಿಷ್ಟ ನಾಮಧೇಯಗಳನ್ನೂ ಕೆಲವು ಕಲ್ಪಿತ ಜೀವಿಗಳನ್ನೂ ತನಗೇ ಕಾಯ್ದಿರಿಸಿಕೊಂಡಿತು. ಆದುದರಿಂದ ಅಭಿಮಾನಿ ಲೇಖಕರು ನಿಯಮಗಳನ್ನು ಉಳಿಸಿಕೊಂಡು, ಹೆಸರುಗಳನ್ನೂ ಲೋಕಗಳನ್ನೂ ತಾವೇ ಸೃಷ್ಟಿಸಿದರು. 2006ರ 'ಓಸ್ರಿಕ್' ಇದೇ ಪರವಾನಗಿಯ ಆಶ್ರಯದಲ್ಲಿ, ಮುದ್ರಣ ನಿಂತಿದ್ದ ಹಳೆಯ ಆವೃತ್ತಿಯ ಆಟವನ್ನು ಪುನರುಜ್ಜೀವನಗೊಳಿಸಿತು. 2008ರಲ್ಲಿ ನಾಲ್ಕನೆಯ ಆವೃತ್ತಿಯೊಡನೆ ಬಿಗಿಯಾದ ಪರವಾನಗಿ ಬಂದಾಗ, ಪೈಜೋ ಸಂಸ್ಥೆಯು ಹಿಂದಿನ ಪರವಾನಗಿಯನ್ನೇ ಆಧರಿಸಿ 2009ರಲ್ಲಿ 'ಪಾತ್‌ಫೈಂಡರ್' ನಿಯಮಗ್ರಂಥವನ್ನು ಪ್ರಕಟಿಸಿತು.

ಒಮ್ಮೆ ಕೊಟ್ಟ ಅನುಮತಿಯನ್ನು ಹಿಂತೆಗೆದುಕೊಳ್ಳಬಹುದೆ ಎಂಬ ಪ್ರಶ್ನೆ 2023ರ ಜನವರಿಯಲ್ಲಿ ತೀವ್ರವಾಯಿತು. ಹಳೆಯ ಪರವಾನಗಿಯನ್ನು ಅಮಾನ್ಯಗೊಳಿಸುವ ಕರಡು ಬಯಲಾಗಲು, ಅದನ್ನು ನಂಬಿ ಜೀವನೋಪಾಯ ಕಟ್ಟಿಕೊಂಡವರು ಪ್ರತಿಭಟಿಸಿದರು. ಅದೇ ತಿಂಗಳ 27ರಂದು ಸಂಸ್ಥೆಯು ಐದನೆಯ ಆವೃತ್ತಿಯ ಮೂಲನಿಯಮಗಳನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಗೆ ಒಪ್ಪಿಸಿತು. ಇಪ್ಪತ್ತೆರಡು ವರ್ಷಗಳಿಗೂ ಮೀರಿದ ರೂಢಿಯು ನೀಡಲಾರದ ಭದ್ರತೆಯನ್ನು ಆ ಪತ್ರದಲ್ಲಿನ 'ಹಿಂತೆಗೆಯಲಾಗದು' ಎಂಬ ಒಂದು ಮಾತು ನೀಡಿತೆಂಬುದು ಚರಿತ್ರೆಯ ವಿದ್ಯಾರ್ಥಿಗೆ ಗಮನಾರ್ಹವಾದುದು.